ಮುನಿಕೆಂಪಮ್ಮನ ಖಾಲಿ ಫೋಲ್ಡರು

೧

ಆ ಬೆಳಿಗ್ಗೆ ಯಲಹಂಕದ ಪಕ್ಕದ ಅಟ್ಟೂರಿನ ಮೇಲೆ ಮಂಜು ಬಿದ್ದಿತ್ತು. ಕೆರೆ ಎಲ್ಲಿ ಮುಗಿದು ಲೇಔಟು ಎಲ್ಲಿ ಶುರುವಾಗುತ್ತದೆ ಎಂಬುದು ಕೊಕ್ಕರೆಗಳಿಗೂ ತಿಳಿಯದಷ್ಟು ಮಂಜು. ಇಳಿಯಲು ಜಾಗ ಕಾಣದ ವಿಮಾನಗಳು ಮೇಲೆಯೇ ಪ್ರದಕ್ಷಿಣೆ ಹಾಕುತ್ತಿದ್ದವು.

(ಹೀಗೆ ಶುರು ಮಾಡಬಹುದೇ? ನಮ್ಮೂರಲ್ಲಿ ಕಥೆ ಹೇಳುವ ತಾತ ಮೊದಲು ದೀಪದ ಬತ್ತಿ ಸರಿಮಾಡಿ, ಗಣಪನಿಗೆ ಕೈಮುಗಿದು, ಆಮೇಲೆ "ಹೂಂಗುಟ್ಟೋರು ಯಾರಪ್ಪ?" ಎಂದು ಕೇಳುತ್ತಿದ್ದರು. ಹೂಂಗುಟ್ಟುವವರಿಲ್ಲದೆ ಕಥೆ ಮೇಲೇಳುವುದಿಲ್ಲ. ನಾನು ಕೈಮುಗಿದಾಯಿತು. ಇನ್ನು ನೀವು ಹೂಂ ಅನ್ನಬೇಕು.)

೨

ಹರಿದು ಹಾಕಿದ ಮೊದಲ ಡ್ರಾಫ್ಟು ಬಲಿಚಕ್ರವರ್ತಿಯ ಯಾಗಶಾಲೆಯಿಂದ ಶುರುವಾಗಿತ್ತು. ಮೂರು ಲೋಕವೂ ಸಾಲದ ಭಗವಂತ ಒಂದು ಕೊಡೆಯ ಕೆಳಗೆ ಹಿಡಿಸುವಷ್ಟು ಕುಗ್ಗಿ ಬಂದ, ಒಳಗೆ ಬಂದ ಮೇಲೆ ಬಿಚ್ಚಿಕೊಂಡ. ಫೈಲು ಕುಗ್ಗಿಸುವ ವಿದ್ಯೆಗೆ ಮೂಲಗುರು ಅವನೇ ಎಂದು ಬರೆದು ನನಗೆ ನಾನೇ ಭೇಷ್ ಅಂದುಕೊಂಡಿದ್ದೆ. ನಮ್ಮ ಕಥಾನಾಯಕನ ಹೆಸರು ಉಪೇಂದ್ರ. ಅದು ವಾಮನನದೇ ಇನ್ನೊಂದು ಹೆಸರು. (ನಾನು ಇಟ್ಟದ್ದಲ್ಲ, ಅವರಮ್ಮ ಇಟ್ಟದ್ದು.)

ಆದರೆ ಕಥೆಯೊಳಗಿನ ಮುನಿಕೆಂಪಮ್ಮ ಆ ಪುಟ ಕೇಳಿ ಆಕಳಿಸಿದರು. "ಬಲಿ ಚಕ್ರವರ್ತಿ ನಂಗೂ ಗೊತ್ತವ್ನೆ. ಅಟ್ಟೂರಿಗೆ ಬಾಪ್ಪ" ಎಂದರು.

ಬಂದೆ.

೩

೨೦೧೪ರ ಜನವರಿ, ಅವರೆಕಾಯಿಯ ಕಾಲ. ಅಟ್ಟೂರಿನ ಒಂದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಉಪೇಂದ್ರನ ಆಫೀಸು. ಕೀಬೋರ್ಡು ತಟ್ಟಿದರೆ ಒಂದು ರೊಟ್ಟಿಗಾಗುವಷ್ಟು ರಾಗಿಹಿಟ್ಟು ಉದುರುತ್ತಿತ್ತು. ಅವನು ಬರೆದ ಸಾಫ್ಟ್‌ವೇರಿನ ಹೆಸರು 'ಗಂಟು'. ದೊಡ್ಡ ಫೈಲುಗಳನ್ನು, ಫೋಲ್ಡರುಗಳನ್ನು ಕುಗ್ಗಿಸಿ ಒಂದು ಗಂಟು ಕಟ್ಟುತ್ತದೆ. ಆ ಕಡೆಯವರು ಬಿಚ್ಚಿದರೆ ಎಲ್ಲ ಮೊದಲಿದ್ದಂತೆ ಹರಡಿಕೊಳ್ಳುತ್ತದೆ.

ಹಿಂದಿನ ಬೀದಿಯ ಮುನಿಕೆಂಪಮ್ಮನಿಗೆ ಇದನ್ನು ವಿವರಿಸಿದಾಗ, ಅವರೆಕಾಳು ಹಿದುಕಿದ ಹಾಗೆ ಅನ್ನು, ಸಿಪ್ಪೆ ಹೋಗಿ ಬೇಳೆ ಉಳಿಯಿತು ಎಂದಿದ್ದರು. ಹಾಗಲ್ಲ, ನಮ್ಮ ಗಂಟು ಬಿಚ್ಚಿದರೆ ಸಿಪ್ಪೆಯೂ ವಾಪಸ್ಸು ಬರುತ್ತದೆ ಅಂದ ಉಪೇಂದ್ರ.

"ಅಂಗಾದ್ರೆ ಯಾಕಪ್ಪ ಹಿದುಕ್ತೀಯಾ?" ಎಂದು ಅಜ್ಜಿ ನಕ್ಕುಬಿಟ್ಟಿದ್ದರು. ನಕ್ಕು ಸುಮ್ಮನಾಗದೆ, ಮಾರನೆಯ ದಿನ ಒಂದು ಸ್ಟೀಲ್ ಡಬ್ಬಿಯ ತುಂಬ ಹಿದುಕಬೇಳೆ ಸಾರು ಕಳಿಸಿದ್ದರು. ಅದು ಹಿಂದಿನ ವರ್ಷದ ಮಾತು. ಆ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ. (ಕಥೆಗಾರ ಹೀಗೆ ಬಾಯಿಬಿಟ್ಟು ಹೇಳಬಾರದಂತೆ. ಆದರೆ ನಮ್ಮ ತಾತ ಬಾಯಿಬಿಟ್ಟೇ ಹೇಳುತ್ತಿದ್ದರು. ನಾನೂ ಹೇಳಿದೆ.)

೪

ಬಳಕೆದಾರರು ಇನ್ನೇನು ಬೇಕೆಂದು ಬರೆಯುತ್ತಿದ್ದ ಇ-ಮೇಲುಗಳನ್ನು ಓದುವುದು ಉಪೇಂದ್ರನ ಅಕ್ಕ ಅಲಮೇಲು. ಓದಿ, ನಕ್ಕು, ಆಮೇಲೆ ತಮ್ಮನಿಗೆ ದಾಟಿಸುತ್ತಿದ್ದಳು.

ಮತ್ತಿಕೆರೆಯ ವಿದ್ಯಾರ್ಥಿಯೊಬ್ಬ, ಮೂರು ಗಂಟೆಯ ಸಿನಿಮಾ ಕಂಪ್ರೆಸ್ ಮಾಡಿದರೂ ನೋಡುವುದಕ್ಕೆ ಮೂರು ಗಂಟೆಯೇ ಹಿಡಿಯುತ್ತಿದೆ, ದಯವಿಟ್ಟು ಸರಿಪಡಿಸಿ ಎಂದು ಬರೆದಿದ್ದ. ಬ್ಯಾಟರಾಯನಪುರದ ಶಿವರಾಮ್ ಅವರ ಬೇಡಿಕೆ, ರಾಹುಕಾಲದಲ್ಲಿ ಗಂಟು ಬಿಚ್ಚಿಕೊಳ್ಳಬಾರದು, ಎಷ್ಟೇ ಕ್ಲಿಕ್ ಮಾಡಿದರೂ. ಇದನ್ನು ಮಾಡಲೇಬೇಕು ಎಂದು ಅಲಮೇಲು ಹಠ ಹಿಡಿದಳು. ಮಾಡಿಯೂ ಆಯಿತು, ಜನ ಮೆಚ್ಚಿಯೂ ಮೆಚ್ಚಿದರು. ಹೆಬ್ಬಾಳದ ಒಬ್ಬರು ಮಾತ್ರ ಏನೂ ಕೇಳದೆ, "ಚೆನ್ನಾಗಿದೆ, ದೇವರು ಒಳ್ಳೇದು ಮಾಡಲಿ" ಎಂದಷ್ಟೇ ಬರೆದಿದ್ದರು. ಉಪೇಂದ್ರ ಅದನ್ನು ಪ್ರಿಂಟ್ ತೆಗೆದು ದೇವರ ಪಟದ ಪಕ್ಕ ಅಂಟಿಸಿದ.

ಆಮೇಲೆ ಆರ್.ಟಿ. ನಗರದ ಫಖ್ರುನ್ನೀಸಾ ಅವರ ಮೇಲು ಬಂತು. ಒಂದೇ ಸಾಲು: ಗಂಟಿನಲ್ಲಿ ಖಾಲಿ ಫೋಲ್ಡರುಗಳೂ ಉಳಿಯಬೇಕು.

ಉಪೇಂದ್ರನಿಗೆ ಚುಚ್ಚಿತು. ಖಾಲಿ ಫೋಲ್ಡರನ್ನು ಹುಡುಕಿ ಹುಡುಕಿ ಕೈಬಿಡುವ ಹಾಗೆ ಮಾಡಿದ್ದೇ ಈ ವರ್ಷನ್ನಿನ ಹೆಮ್ಮೆ. ಒಳಗೆ ಏನೂ ಇಲ್ಲದ್ದನ್ನು ಹೊತ್ತು ತಿರುಗುವುದೇಕೆ? ಈ ಕೋರಿಕೆ ಅನಗತ್ಯ ಎಂದು ಗುರುತು ಹಾಕಿ ಅವರೆಕಾಯಿ ಸುಲಿಯಲು ಕೂತ.

ಅಲಮೇಲುವಿಗೆ ಮನಸ್ಸು ತಡೆಯಲಿಲ್ಲ. ಫೋನ್ ಮಾಡಿದಳು.

(ಹೂಂ ಅಂತಿದ್ದೀರಾ?)

ಫಖ್ರುನ್ನೀಸಾ ಕ್ಯಾಸೆಟ್ಟಿನ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯವರು. ಆ ಕೆಲಸದಲ್ಲಿ ಸೋಬಾನೆ ಪದದ ರುಚಿ ಹತ್ತಿ, ಯಲಹಂಕದ ಸುತ್ತ ಮದುವೆಮನೆಗಳಲ್ಲಿ ಹಾಡುವ ಹೆಂಗಸರ ದನಿಯನ್ನೆಲ್ಲ ಹಿಡಿದಿಡುತ್ತಿದ್ದರು. ಒಬ್ಬೊಬ್ಬರಿಗೂ ಅವರವರ ಹೆಸರಿನ ಒಂದು ಫೋಲ್ಡರು. ಒಬ್ಬರು ಮಾತ್ರ ಹಾಡಲಿಲ್ಲ. ಅವರಿಗೆ ಬರುತ್ತಿದ್ದದ್ದು ಹೆಣ್ಣು ಒಪ್ಪಿಸಿಕೊಡುವಾಗಿನ ಪದ. ಅದು ಈಗ ಬೇರೆ ಯಾರ ಬಾಯಲ್ಲೂ ಇಲ್ಲ, ಮತ್ತು ಹೊಸಿಲಲ್ಲಿ ಮದುಮಗಳು ನಿಲ್ಲದೆ ಅದನ್ನು ಹೇಳುವಂತಿಲ್ಲ. ಮೊಮ್ಮಗಳು ಪದ್ಮಶ್ರೀ ಮದುವೆಗೆ ಹೇಳುತ್ತೇನೆ, ಆಗ ಬಂದು ಹಿಡಿದುಕೋ ಎಂದಿದ್ದರು. ಫಖ್ರುನ್ನೀಸಾ ಅವರೆದುರಿಗೇ ಅವರ ಹೆಸರಿನ ಫೋಲ್ಡರು ಮಾಡಿ, ಇದು ನಿಮ್ಮ ಜಾಗ ಎಂದು ತೋರಿಸಿದ್ದರು.

ಎಲ್ಲವನ್ನೂ ಗಂಟು ಕಟ್ಟಿ ಯಶವಂತಪುರದ ಒಂದು ಸ್ಟುಡಿಯೊಗೆ ಕಳಿಸಿದರು. ಸ್ಟುಡಿಯೊದವರು ಗಂಟು ಬಿಚ್ಚಿ, ಅದರಲ್ಲಿದ್ದ ಹೆಸರಿನವರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದರು, ಕರೆತರಲು ಟೆಂಪೋ ಕಳಿಸಿದರು. ಹಾಡದೆ ಉಳಿದ ಆ ಒಬ್ಬರು ರೇಷ್ಮೆ ಸೀರೆಯುಟ್ಟು ಜಗಲಿಯ ಮೇಲೆ ಕೂತಿದ್ದರು. ಟೆಂಪೋ ಪಕ್ಕದ ಮನೆಯ ಮುಂದೆ ಹಾರ್ನ್ ಹಾಕಿತು, ಎದುರು ಮನೆಯ ಮುಂದೆ ಹಾಕಿತು, ಹೊರಟುಹೋಯಿತು.

"ಇರ್ಲಿ ಬಿಡು ತಾಯಿ ಅಂದ್ರು, ಅಷ್ಟೇ" ಎಂದರು ಫಖ್ರುನ್ನೀಸಾ. "ಮದುವೆಯಲ್ಲಿ ರೆಕಾರ್ಡಿಂಗ್ ಮಿಷನ್ ಮುಂದೆ ಬಾಯಿ ಬಿಡಲ್ವಂತೆ. ಅವರು ಬೈದಿದ್ರೆ ನಾನು ತಡ್ಕೋತಿದ್ದೆ. ಜಬಾನ್ ಕೊಟ್ಟಿದ್ದೆ ನೋಡಮ್ಮ, ನಿಮ್ಮ ಜಾಗ ಇಟ್ಟಿದೀನಿ ಅಂತ."

ಅಲಮೇಲು ಅವರ ಹೆಸರು ಕೇಳಿದಳು. ನೀವು ಕೇಳಬೇಕಾಗಿಲ್ಲ, ಶೀರ್ಷಿಕೆ ಓದಿದ್ದೀರಿ.

೫

 

೬

(ಮೇಲಿನ ಸಂಖ್ಯೆಯ ಕೆಳಗೆ ಏನೂ ಇಲ್ಲವೆಂದು ಕರಡು ತಿದ್ದುವ ಶ್ರೀಕಾಂತ್ ಎರಡು ಸಲ ಅಳಿಸಿದರು, ಎರಡು ಸಲವೂ ಮತ್ತೆ ಹಾಕಿಸಿದ್ದೇನೆ. ಆ ಜಾಗ ಹಾಗೆಯೇ ಇರಲಿ.)

ಅಲಮೇಲು ಬಂದು ತಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಅಲುಗಲಿಲ್ಲ. ಖಾಲಿ ಅಂದರೆ ಖಾಲಿ, ಅದಕ್ಕೊಂದು ನ್ಯಾಯ ಬೇರೆ ಯಾಕೆ ಎಂದ. ಅಲಮೇಲು ವಾದಕ್ಕಿಳಿಯದೆ ಕಿಟಕಿಯ ಕಡೆ ನೋಡಿದಳು. ಅಲ್ಲಿ ಮುನಿಕೆಂಪಮ್ಮನ ಸ್ಟೀಲ್ ಡಬ್ಬಿ, ಹೋದ ವರ್ಷದ ಅವರೆ ಕಾಲದಿಂದ ಇಟ್ಟಲ್ಲೇ ಕೂತಿತ್ತು.

"ಅದ್ಯಾಕೋ ಇನ್ನೂ ವಾಪಸ್ ಕೊಟ್ಟಿಲ್ಲ?"

"ಖಾಲಿ ಡಬ್ಬಿ ಹೆಂಗೆ ಕೊಡೋದಕ್ಕ? ಏನಾದ್ರೂ ಹಾಕಿ ಕೊಡ್ಬೇಕು ಅಂತ ಇಟ್ಟಿದೀನಿ."

"ವರ್ಷದಿಂದ?"

"ಏನು ಹಾಕೋದು ಅಂತ ಹೊಳೀಲಿಲ್ಲ."

"ಬಿಸಾಕ್ಬೇಕಿತ್ತು. ಒಳಗೆ ಏನೂ ಇಲ್ವಲ್ಲ."

ಉಪೇಂದ್ರ ಡಬ್ಬಿಯನ್ನು ನೋಡಿದ. ಗಿರಣಿ ಒಂದು ಹೊರೆ ಗೋಧಿ ಬೀಸಿ ಮುಗಿಸುವವರೆಗೂ ನೋಡಿದ. ಆಮೇಲೆ ಅನಗತ್ಯ ಎಂದು ಹಾಕಿದ್ದ ಗುರುತನ್ನು ತೆಗೆದು, ಸಂಜೆಯೊಳಗೆ ಗಂಟಿನ ಗುಣವನ್ನೇ ತಿದ್ದಿದ. ಹೊಸ ವರ್ಷನ್ನಿನ ಜೊತೆ ಬರೆದ ಟಿಪ್ಪಣಿ ಇಷ್ಟು: "ಇನ್ನು ಮುಂದೆ ಖಾಲಿ ಇದ್ದದ್ದು ಖಾಲಿಯಾಗಿಯೇ ತಲುಪುತ್ತದೆ." ಅವನು ಬರೆದದ್ದರಲ್ಲೆಲ್ಲ ಇದೇ ಒಳ್ಳೆಯ ಸಾಲು. ನನ್ನದಾಗಿದ್ದರೆ ಎಂದು ಹೊಟ್ಟೆ ಉರಿಯುತ್ತದೆ.

೭

ಇಷ್ಟು ಬರೆಯುವಷ್ಟರಲ್ಲಿ ನನಗೂ ಕೋರಿಕೆಗಳು ಬರತೊಡಗಿದವು.

ಉಪೇಂದ್ರನಿಗೆ ಕಥೆಯಲ್ಲಿ ಸ್ವಲ್ಪ ಕೂದಲು ಬೇಕಂತೆ. (ಕೊಟ್ಟಿದ್ದೇನೆ. ಅವನು ಬೋಳು ಎಂದು ಎಲ್ಲೂ ಬರೆದಿಲ್ಲವಲ್ಲ?) ಅಲಮೇಲುವಿಗೆ, ತಾನು ಹೇಳಿದ ಮಾತಿನ ಶ್ರೇಯಸ್ಸು ತಮ್ಮನ ಟಿಪ್ಪಣಿಗೆ ಹೋದದ್ದು ಸರಿಬಂದಿಲ್ಲ. ಫಖ್ರುನ್ನೀಸಾ, ನಾನು ಅವರನ್ನು ತುಂಬ ಕುಗ್ಗಿಸಿಬಿಟ್ಟಿದ್ದೇನೆ ಎನ್ನುತ್ತಾರೆ, ಹಾಡುಗಳನ್ನು ಹುಡುಕುತ್ತ ಬಸ್ಸಿನಲ್ಲಿ ಅಲೆದದ್ದೆಲ್ಲ ಒಂದು ವಾಕ್ಯವಾಯಿತಲ್ಲ ಎಂದು. ನಿಜ. ನೀವು ಬಿಚ್ಚಿಕೊಂಡು ಓದಬೇಕು.

ನಾನು ಮುನಿಕೆಂಪಮ್ಮನ ಬಳಿ ಒಂದೇ ಒಂದು ಬೇಡಿದೆ: ಆ ಪದದ ಎರಡು ಸಾಲು, ಕಥೆಗೆ.

"ಮದ್ವೆ ಮನೆ ಪದ ಅದು. ಕತೆಗೆಲ್ಲ ಯೇಳಕ್ಕಾಗಾಕಿಲ್ಲ" ಎಂದರು. ಸ್ವಲ್ಪ ಹೊತ್ತಿಗೆ, ನನ್ನ ಮುಖ ನೋಡಿಯೋ ಏನೋ, "ಜಾಗ ಬುಟ್ಟಿರು" ಎಂದರು.

ಬಿಟ್ಟಿದ್ದೇನೆ. ಐದನೆಯದು.

೮

ಈಗ ಆ ಮಂಜಿನ ಬೆಳಿಗ್ಗೆ. ಪದ್ಮಶ್ರೀಯನ್ನು ಒಪ್ಪಿಸಿಕೊಡುವ ದಿನ. ಇಲ್ಲಿಂದ ದಾರಿ ಕವಲೊಡೆಯುತ್ತದೆ.

ಮೊದಲ ಮುಕ್ತಾಯ: ಮುನಿಕೆಂಪಮ್ಮ ಹಾಡುತ್ತಾರೆ, ಮಂಜು ಕರಗುತ್ತದೆ, ವಿಮಾನಗಳೆಲ್ಲ ಇಳಿಯುತ್ತವೆ. (ನನಗೇ ನಾಚಿಕೆಯಾಗಿ ಹೊಡೆದುಹಾಕಿದೆ.)

ಎರಡನೆಯದು: ಅವರು ಹಾಡುತ್ತಾರೆ, ಆದರೆ ಫಖ್ರುನ್ನೀಸಾ ರೆಕಾರ್ಡರು ಆನ್ ಮಾಡಲು ಮರೆತಿರುತ್ತಾರೆ. ಪದ ಚಪ್ಪರದ ಕೆಳಗಿದ್ದವರಿಗೆ ಮಾತ್ರ. (ನನಗೆ ಇದು ಇಷ್ಟ. ಫಖ್ರುನ್ನೀಸಾ "ನಾನು ಅಷ್ಟು ದಡ್ಡಿಯಲ್ಲ" ಎಂದರು.)

ಮೂರನೆಯದನ್ನು ಮುಕ್ತಾಯ ಎನ್ನಲಾರೆ, ನಡೆದಷ್ಟನ್ನು ಹೇಳುತ್ತೇನೆ. ಚಪ್ಪರದ ಕೆಳಗೆ, ಹಿದುಕಿದ ಅವರೆಯ ಸೊಗಡಿನ ನಡುವೆ, ಫಖ್ರುನ್ನೀಸಾ ಲ್ಯಾಪ್‌ಟಾಪು ತೆರೆದು ಹೊಸ ಗಂಟನ್ನು ಬಿಚ್ಚಿದರು. ಹೆಸರುಗಳು ಸಾಲಾಗಿ ಹರಡಿಕೊಂಡವು. ಪದ್ಮಶ್ರೀ ಬಾಸಿಂಗ ಸರಿಮಾಡಿಕೊಳ್ಳುತ್ತ ಬಗ್ಗಿ, ಅಜ್ಜಿಯ ಹೆಸರಿನ ಮೇಲೆ ಬೆರಳಿಟ್ಟಳು.

"ಒಳಗೇನೈತೆ?" ಎಂದರು ಮುನಿಕೆಂಪಮ್ಮ.

"ಏನಿಲ್ಲಮ್ಮ" ಎಂದರು ಫಖ್ರುನ್ನೀಸಾ. "ಯಶವಂತಪುರಕ್ಕೆ ಹೋಗಿ ಬಂದಿದೆ. ಹಂಗೇ ಖಾಲಿ ಇದೆ."

ಅಜ್ಜಿ ಕಣ್ಣು ಕಿರಿದು ಮಾಡಿ ಆ ಹಳದಿ ಚೌಕವನ್ನು ನೋಡಿದರು. ಸೆರಗು ಸರಿಮಾಡಿಕೊಂಡರು. "ಸರಿ. ಮಿಷನ್ನು ವಸಿ ದೂರ ಇಕ್ಕು, ಮಗಾ ಎದರ್ಕೊಂತದೆ" ಎಂದರು. ಮಗು ಅಂದದ್ದು ಮದುಮಗಳನ್ನು. ಪದ್ಮಶ್ರೀ ಆಗಲೇ ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಆಮೇಲೆ ಪದ ಹೇಗಿತ್ತು, ಹೇಳಿದರೇ, ಅರ್ಧಕ್ಕೆ ನಿಲ್ಲಿಸಿದರೇ ಎಂದು ನೀವು ಕೇಳುತ್ತೀರಿ. ನಾನು ಮಾತು ಕೊಟ್ಟಿದ್ದೇನೆ. ಕಥೆಗೆ ಜಾಗವಷ್ಟೇ ಸಿಕ್ಕಿದೆ. ಅಟ್ಟೂರಿನ ಕಡೆ ಯಾರದಾದರೂ ಮದುವೆಗೆ ಕರೆ ಬಂದರೆ ಹೋಗಿ, ಹೆಣ್ಣು ಒಪ್ಪಿಸಿಕೊಡುವವರೆಗೂ ಇರಿ.

ನಾನು ಕಂಡದ್ದು ಇನ್ನೊಂದಿದೆ. ಫಖ್ರುನ್ನೀಸಾ ರೆಕಾರ್ಡರಿನ ಗುಂಡಿ ಒತ್ತುವ ಮೊದಲು, ಹೆಂಗಸರೆಲ್ಲ ಹೊಸಿಲ ಕಡೆ ತಿರುಗಿದ್ದಾಗ, ಉಪೇಂದ್ರ ಹಿಂದಿನಿಂದ ಬಂದು ನಿಂತ. ಕೈಯಲ್ಲಿ ಉಜ್ಜಿ ಬೆಳಗಿದ ಸ್ಟೀಲ್ ಡಬ್ಬಿ. ಒಳಗೆ ಅಲಮೇಲು ತುಂಬಿಸಿದ ಸಕ್ಕರೆ. ಎರಡೂ ಕೈಯಲ್ಲಿ ಡಬ್ಬಿಯನ್ನು ಅಜ್ಜಿಯ ತೋಳಿಗೆ ತಾಗಿಸಿ ಹಿಡಿದ. ಮುನಿಕೆಂಪಮ್ಮ ಅವನ ಕಡೆ ತಿರುಗದೆಯೇ ಕೈ ಹಿಂದಕ್ಕೆ ಚಾಚಿದರು, ಸವರಿ ನೋಡಿ ತಮ್ಮದೆಂದು ತಿಳಿದು, ಮುಚ್ಚಳ ತೆಗೆಯದೆ ಸೆರಗಿನೊಳಗೆ ಇಟ್ಟುಕೊಂಡರು.