ಶಾಕವ್ರತದ ಹೀರೇಕಾಯಿ

“ಏನ್ರೀ, ಹಿತ್ತಲಿಗೆ ಬರ್ರಿ! ಅತ್ತಿಯವರ, ನೀವೂ ಬರ್ರಿ ಲಗೂನ! ಅರಳ್ಲಿಕ್ಕೆ ಹತ್ಯಾವ!”

ವಿಜಯಾಬಾಯಿಯ ಕೂಗಿಗೆ ಕೌಲ್ ಬಜಾರಿನ ಆ ಓಣಿಯಲ್ಲಿ ಯಾರ ಮನೆಗೋ ಕಳ್ಳ ಹೊಕ್ಕನೆಂದುಕೊಂಡವರೂ ಇದ್ದರು. ಆಗಷ್ಟೇ ಆಫೀಸಿನಿಂದ ಬಂದು ಸೈಕಲ್ಲಿಗೆ ಬೀಗ ಹಾಕುತ್ತಿದ್ದ ವೆಂಕಟೇಶ ಪ್ಯಾಂಟಿನ ಕ್ಲಿಪ್ಪೂ ಬಿಚ್ಚದೆ ಓಡಿದನು. ಹಿತ್ತಲಿನ ಚಪ್ಪರದ ಮೇಲೆ ಹೀರೆಬಳ್ಳಿಯ ಮೊದಲ ಮೊಗ್ಗುಗಳು ಬಿರಿಯುತ್ತಿದ್ದವು. ಹೀರೆಹೂವು ಅರಳುವುದೇ ಇಳಿಹೊತ್ತಿನಲ್ಲಿ. ಬಳ್ಳಾರಿಯ ಬಿಸಿಲನ್ನು ಕಂಡ ಯಾರಾದರೂ ಅದಕ್ಕೆ ಬುದ್ಧಿ ಇದೆ ಎಂದೇ ಹೇಳಬೇಕು.

“ಅಗೋ ಅಲ್ಲೊಂದು! ಅದರ ಹಿಂದೊಂದು!” ಎಂದು ವೆಂಕಟೇಶ ಬೆರಳು ಚಾಚಿದ್ದೇ ತಡ, ಅವನ ತಾಯಿ ತುಳಸಮ್ಮ ಆ ಕೈಗೆ ಫಟ್ಟನೆ ಹೊಡೆದರು.

“ಬೆರಳು ತೋರಿಸಬ್ಯಾಡೋ, ಕೊಳೀತಾವ! ತೋರಿಸೋದಿದ್ರ ಬೆರಳು ಮಡಚಿ ತೋರಿಸು.”

ವೆಂಕಟೇಶ ಬೆರಳು ಮಡಚಿ ಮತ್ತೆ ಎಣಿಸತೊಡಗಿದನು. ತುಳಸಮ್ಮ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿ, ಸೊಸೆಯತ್ತ ತಿರುಗಿದರು.

“ಎಲ್ಲಾ ಛಂದ ಅದ ವಿಜಯಾ. ಆದ್ರ ಇವು ಕಾಯಾಗೋದು ಯಾವಾಗ?”

“ಇನ್ನೇನ್ರಿ, ಹದಿನೈದು ಇಪ್ಪತ್ತು ದಿನ ಅಷ್ಟ.”

“ಮತ್ತ ಆಷಾಢದ ಏಕಾದಶಿ ಯಾವಾಗ?”

ವಿಜಯಾಬಾಯಿಯ ಮುಖದ ಮೇಲಿನ ನಗು ಅಲ್ಲೇ ನಿಂತಿತು. ವೆಂಕಟೇಶ ಎಣಿಸುವುದನ್ನು ಬಿಟ್ಟನು.

ಆ ಏಕಾದಶಿಯ ಮರುದಿನದಿಂದ ಶಾಕವ್ರತ. ಚಾತುರ್ಮಾಸ್ಯದ ಮೊದಲ ತಿಂಗಳು ಮಾಧ್ವರ ಅಡುಗೆಮನೆಗೆ ತರಕಾರಿ ಕಾಲಿಡುವಂತಿಲ್ಲ. ಸೊಪ್ಪಿಲ್ಲ, ಕಾಯಿಲ್ಲ, ಹುಣಸೆ ಮೆಣಸಿನಕಾಯಿಗಳೂ ಇಲ್ಲ, ಮಾವಿನಹಣ್ಣೊಂದಕ್ಕೆ ಮಾಫಿ. ಇದು ವಿಜಯಾಬಾಯಿಗೆ ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತು. ಆದರೆ ವೈಶಾಖದ ಸುಡುಬಿಸಿಲಿನಲ್ಲಿ ನೆಲ ಅಗೆಯುವಾಗ, ಮೊದಲ ಸಲ ಬಿತ್ತಿದ್ದನ್ನೆಲ್ಲ ಕೋಳಿ ಕೆದಕಿ ತಿಂದಾಗ, ನರಸಿಂಹ ಜಯಂತಿಯ ಮರುದಿನ ಉಳಿದ ಬೀಜವನ್ನು ಮತ್ತೆ ಊರಿದಾಗ, ಅವಳ ತಲೆಯಲ್ಲಿ ಪಂಚಾಂಗ ಇರಲಿಲ್ಲ. ಬೀಜ ಇತ್ತು, ನೀರು ಇತ್ತು, ಅತ್ತೆಯ ಎಲೆಯ ಮೇಲೆ ಬೀಳುವ ಒಂದು ಸೌಟು ಹೀರೇಕಾಯಿ ತೊವ್ವೆ ಇತ್ತು.

ಆ ಒಂದು ಸೌಟಿನ ಹಿಂದೆ ಒಂದು ತಾಮ್ರದ ಚೊಂಬಿನ ಕಥೆಯಿತ್ತು. ಎರಡು ವರ್ಷದ ಹಿಂದೆ ಮದುವೆಯಾಗಿ ಸಿರುಗುಪ್ಪದಿಂದ ಬಂದಾಗ ತುಳಸಿಗೆ ನೀರು ಹಾಕುವ ಕೆಲಸ ಅವಳ ಪಾಲಿಗೆ ಬಂದಿತ್ತು. ಬೀಜ ಉಗುಳಿದರೂ ಮೊಳೆಯುವ ಹಿತ್ತಲಲ್ಲಿ ಬೆಳೆದವಳು ಅವಳು. ಆದರೂ ಬಳ್ಳಾರಿಯ ಆ ತುಳಸಿ ಅವಳ ಕೈಯಲ್ಲಿ ಒಣಗಿಹೋಯಿತು. ತುಳಸಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೊಸ ಸಸಿ ತಂದು ನೆಟ್ಟು, ಸೊಸೆಯ ಕೈಯಿಂದ ಚೊಂಬು ಇಸಿದುಕೊಂಡು, “ನಿನಗ ಕೈಗುಣ ಇಲ್ಲವಾ. ಇನ್ನ ಮ್ಯಾಲೆ ನಾನೇ ಹಾಕ್ತೀನಿ,” ಎಂದರು. ಹಬ್ಬಕ್ಕೆ ಬಂದವರ ಮುಂದೆಯೇ ಅಂದರು. ಅಂದಿನಿಂದ ವಿಜಯಾಬಾಯಿ ತುಳಸಿಕಟ್ಟೆಗೆ ರಂಗೋಲಿ ಹಾಕುತ್ತಾಳೆ, ಪ್ರದಕ್ಷಿಣೆ ಬರುತ್ತಾಳೆ, ನೀರು ಮಾತ್ರ ಹಾಕುವುದಿಲ್ಲ. ಈ ಬೇಸಿಗೆ ತವರಿಗೆ ಹೋದವಳು ಸೆರಗಿನ ತುದಿಗೆ ಹೀರೆಬೀಜ ಗಂಟು ಹಾಕಿಕೊಂಡು ಬಂದಿದ್ದು ಸುಮ್ಮನೆ ಅಲ್ಲ.

ನೀರಿನದೇ ದೊಡ್ಡ ತಕರಾರಾಗಿತ್ತು. ನಲ್ಲಿ ಬರುವುದು ದಿನ ಬಿಟ್ಟು ದಿನ. ಬಚ್ಚಲ ನೀರು ಹರಿಸೋಣವೆಂದರೆ ತುಳಸಮ್ಮ, “ಬಚ್ಚಲದಾಗ ಬೆಳದದ್ದು ದೇವರಿಗೂ ಇಲ್ಲ, ನನಗೂ ಇಲ್ಲ,” ಎಂದುಬಿಟ್ಟರು. ಉಳಿದದ್ದು ಅಕ್ಕಿ, ಬೇಳೆ ತೊಳೆದ ನೀರು. ಅದು ಅಲ್ಲಿಯವರೆಗೆ ಪಕ್ಕದ ಮನೆಯ ಕೊಟ್ರಬಸಮ್ಮನ ಎಮ್ಮೆಗೆ ಹೋಗುತ್ತಿತ್ತು. ಸಿರಿಗೇರಿಯಿಂದ ಬಂದು ಇಲ್ಲೇ ನೆಲೆಸಿ ಓಣಿಗೆಲ್ಲ ಹಾಲು ಹಾಕುತ್ತಿದ್ದ ಕೊಟ್ರಬಸಮ್ಮ ಖಾಲಿ ಬಕೆಟ್ಟು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಏನ್ ವಿಜಯಕ್ಕಾರ, ನಮ್ಮ ಎಮ್ಮಿ ಬಾಯಾಗಿಂದು ಕಸಗೊಂಡು ಬಳ್ಳಿಗಿ ಹಾಕಾಕ ಹತ್ತೀರಲ್ಲ! ಅದು ರಾತ್ರಿಯೆಲ್ಲ ನಿಮ್ಮ ಹೆಸರು ಹಿಡದು ಒದರತೈತಿ.”

“ಕಾಯಿ ಬಿಡ್ಲಿ ಕೊಟ್ರಬಸಮ್ಮ, ಮೊದಲ ಬುಟ್ಟಿ ನಿನಗ.”

“ನನಗ ಬ್ಯಾಡ್ರಿ, ಎಮ್ಮಿಗಿ ಹೇಳ್ರಿ,” ಎಂದು ನಕ್ಕು, ಮರುದಿನ ತಾನೇ ಎರಡು ಬುಟ್ಟಿ ಗೊಬ್ಬರ ಗೋಡೆಯಾಚೆಯಿಂದ ಸುರಿದಳು.

ಹೂವು ಕಂಡ ಆ ಸಂಜೆಯಿಂದ ಮನೆಯಲ್ಲಿ ಪಂಚಾಂಗಕ್ಕೂ ಬಳ್ಳಿಗೂ ಓಟ ಶುರುವಾಯಿತು. ಮೊದಲು ಅರಳಿದವೆಲ್ಲ ಬರೀ ಗಂಡು ಹೂವು. ಬೆಳಗಾದರೆ ಚಪ್ಪರದ ಕೆಳಗೆ ಹಳದಿ ಹಾಸಿಗೆ. ವೆಂಕಟೇಶ ಆಫೀಸಿನಲ್ಲಿ ಕಂಡಕಂಡವರನ್ನೆಲ್ಲ ಉಪಾಯ ಕೇಳಿಕೊಂಡು ಬರುತ್ತಿದ್ದನು. ಒಬ್ಬರು ಬೂದಿ ಹಾಕೆಂದರು, ಇನ್ನೊಬ್ಬರು ತುದಿ ಚಿವುಟೆಂದರು. ವಿಜಯಾಬಾಯಿ ಎರಡನ್ನೂ ಮಾಡಿದಳು. ಒಂದು ಸಂಜೆ ಹೂವಿನ ಹಿಂದೆ ಗೆರೆಗೆರೆಯ ಪುಟ್ಟ ಹೀಚು ಕಂಡಾಗ ಅವಳಿಗೆ ಕೂಗಲೂ ಆಗಲಿಲ್ಲ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಚಪ್ಪರದ ಕೆಳಗೆ ಕುಣಿದಳು. ಇಪ್ಪತ್ತೆರಡು ವರ್ಷದ ಹೆಂಗಸು, ಗೋಡೆಯಾಚೆಯಿಂದ ಎಮ್ಮೆಯೊಂದೇ ನೋಡುತ್ತಿದೆಯಲ್ಲ ಎಂಬ ಧೈರ್ಯ.

ದಶಮಿ ಬಂದೇ ಬಂತು. ಅಂದು ಒಪ್ಪೊತ್ತು, ಮರುದಿನ ಏಕಾದಶಿಯ ಉಪವಾಸ. ಹಾಗಾಗಿ ಆ ಮಧ್ಯಾಹ್ನದ ಊಟವೇ ತಿಂಗಳ ಮಟ್ಟಿಗೆ ತರಕಾರಿಯ ಕೊನೆಯ ಊಟ. ವಿಜಯಾಬಾಯಿ ಬೆಳಗಾಗುತ್ತಲೇ ಚಪ್ಪರದ ಕೆಳಗೆ ಹೋಗಿ ನಿಂತಳು. ಮೂರೇ ಮೂರು ಕಾಯಿ, ಒಂದೊಂದೂ ನಡುಬೆರಳಿನಷ್ಟು. ಉಳಿದವು ಇನ್ನೂ ಹೂವನ್ನೇ ಕಚ್ಚಿಕೊಂಡಿದ್ದವು.

“ಕಿತ್ತುಬಿಡ್ರಿ,” ಎಂದಳು ಗೋಡೆಯ ಮೇಲೆ ಗದ್ದವಿಟ್ಟಿದ್ದ ಕೊಟ್ರಬಸಮ್ಮ. “ಎಳೇವು ಅದಾವು, ಬಾಯಾಗ ಇಟ್ರ ಕರಗತಾವು. ನಿಮ್ಮ ಅತ್ತಿಗಿ ಎರಡು ತುತ್ತರ ಆಕ್ಕಾವು. ನಿಮ್ಮ ಹಟ ಗೆದ್ದಂಗೂ ಆತು.”

ಎರಡು ತುತ್ತು. ಅಷ್ಟೇ ಸಾಕಿತ್ತು ಅವಳಿಗೆ. ಕೈ ಎತ್ತಿ ಒಂದು ಕಾಯಿಯನ್ನು ಹಿಡಿದಳು. ತಣ್ಣಗಿತ್ತು. ತುದಿಯ ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ತೊಟ್ಟಿಗೆ ಉಗುರು ತಾಗಿತು, ಇನ್ನಷ್ಟು ಒತ್ತಿದರೆ ಮುಗಿಯಿತು. ಅವಳಿಗೆ ಆಗಲಿಲ್ಲ. ಆಚೆ ಈಚೆ ನೋಡಿದಳು, ಮತ್ತೆ ಹಿಡಿದಳು, ಮತ್ತೆ ಬಿಟ್ಟಳು.

“ಬ್ಯಾಡ ಬಿಡು ಕೊಟ್ರಬಸಮ್ಮ. ಈಗರ ಕಣ್ಣು ಬಿಟ್ಟಾವ. ಹೆಂಗ ಕೀಳ್ಲಿ?” ಎಂದವಳು ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಡುಗೆಮನೆಯ ಬಾಗಿಲಲ್ಲಿ ಮಡಿಯುಟ್ಟು ನಿಂತಿದ್ದ ತುಳಸಮ್ಮ ಎಲ್ಲವನ್ನೂ ನೋಡಿ ಒಳಗೆ ಹೋದರು. ಮಧ್ಯಾಹ್ನ ಪೇಟೆಯ ಪಡವಲಕಾಯಿ ಪಲ್ಯದಲ್ಲಿ ಊಟ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ವೆಂಕಟೇಶ ಅರ್ಧ ಹೇಳಿ, ಹೆಂಡತಿಯ ಮುಖ ನೋಡಿ ಉಳಿದರ್ಧ ನುಂಗಿದನು.

ವ್ರತ ಹಿಡಿದ ಮೂರನೆಯ ದಿನ ಮಳೆ ಬಿತ್ತು. ಆಮೇಲೆ ಆ ಬಳ್ಳಿಗೆ ಏನಾಯಿತೋ ದೇವರೇ ಬಲ್ಲ. ಚಪ್ಪರ ತುಂಬಿ, ಗೋಡೆ ಹತ್ತಿ, ಕೊಟ್ರಬಸಮ್ಮನ ಮಾಳಿಗೆಯ ಮೇಲೆ ಕಾಲು ಚಾಚಿತು. ಮೊಳದುದ್ದದ ಕಾಯಿಗಳು ಎಲ್ಲೆಂದರಲ್ಲಿ ತೂಗಿದವು. ಬೆಳಿಗ್ಗೆ ಕೊಯ್ದರೆ ಸಂಜೆಗೆ ಮತ್ತಷ್ಟು. ಮನೆಯಲ್ಲಿ ತಿನ್ನುವವರಿಲ್ಲ! ಗೋಡೆಯಾಚೆ ಹೀರೇಕಾಯಿ ಬಜ್ಜಿ ಕರಿಯುವ ಹೊತ್ತಿಗೆ ವೆಂಕಟೇಶ ಸೈಕಲ್ ಒರೆಸುವ ನೆವದಲ್ಲಿ ಹಿತ್ತಲಲ್ಲೇ ಇರುತ್ತಿದ್ದನು. ವಾಸನೆಗೆ ವ್ರತವಿಲ್ಲವಷ್ಟೇ.

ಎಲ್ಲರಿಗಿಂತ ಹೆಚ್ಚು ಬದಲಾದವರು ತುಳಸಮ್ಮ. “ವ್ರತ ನಾಲಿಗಿಗೆ. ಕೈಗಲ್ಲ, ಕಣ್ಣಿಗೂ ಅಲ್ಲ,” ಎಂದು ಬುಟ್ಟಿ ಹಿಡಿದು ಕೂತರು. ಯಾರ ಮನೆಗೆ ಎಷ್ಟು, ಯಾರಿಗೆ ಎಳೆಯದು, ಯಾರಿಗೆ ಉದ್ದನೆಯದು ಎಲ್ಲ ಅವರದೇ ಹುಕುಂ. ಗಿರಣಿಯವರಿಗೆ ಹೋಯಿತು, ದರ್ಜಿ ಸಾಹೇಬರ ಮನೆಗೆ ಹೋಯಿತು, ಕೊಟ್ರಬಸಮ್ಮನ ಎಮ್ಮೆಗೂ ಬಲಿತ ಕಾಯಿಯ ಪಾಲು ಸಿಕ್ಕಿತು.

“ನಿಮ್ಮ ಅತ್ತಿ ಓಣಿ ತುಂಬ ಏನಂತಾರ ಗೊತ್ತೈತೇನ್ರಿ?” ಎಂದಳು ಕೊಟ್ರಬಸಮ್ಮ ಒಂದು ದಿನ. “‘ನಮ್ಮ ಸೊಸಿ ಹಚ್ಚಿದ್ದು’ ಅಂತ ಬುಟ್ಟಿಗಿಂತ ಮೊದಲು ಮಾತು ಕಳಸತಾರ.”

“ನನ್ನ ಮುಂದ ಒಂದು ಮಾತೂ ಅಂದಿಲ್ಲ,” ಎಂದಳು ವಿಜಯಾಬಾಯಿ. ಅದು ನಿಜವಾಗಿತ್ತು. ಬೆಳಗಾದರೆ ತಾಮ್ರದ ಚೊಂಬು ಇನ್ನೂ ತುಳಸಮ್ಮನ ಕೈಯಲ್ಲೇ ಇರುತ್ತಿತ್ತು.

ಶ್ರಾವಣದ ದ್ವಾದಶಿಗೆ ಶಾಕವ್ರತ ಮುಗಿಯಿತು. ವಿಜಯಾಬಾಯಿ ಹಿಂದಿನ ದಿನವೇ ಎರಡು ಎಳೆಯ ಕಾಯಿಗಳಿಗೆ ದಾರ ಕಟ್ಟಿ, ಯಾರೂ ಕೊಯ್ಯದಂತೆ ಕಾದಿದ್ದಳು. ಪಾರಣೆಯ ಎಲೆಯ ಮೇಲೆ ಹೀರೇಕಾಯಿ ತೊವ್ವೆ ಬಿತ್ತು, ಸಿಪ್ಪೆಯ ಚಟ್ನಿ ಬಿತ್ತು. ಅವಳು ಸೌಟು ಹಿಡಿದು ಅಲ್ಲೇ ನಿಂತಳು. ತುಳಸಮ್ಮ ಕಲಸಿದರು, ಬಾಯಿಗಿಟ್ಟರು, ನುಂಗಿದರು.

“ಉಪ್ಪು ಸರಿ ಅದ ಏನ್ರಿ?”

“ಹ್ಞೂಂ.”

ಅಷ್ಟೇ. ವಿಜಯಾಬಾಯಿ ಸೌಟನ್ನು ಪಾತ್ರೆಗೆ ಇಳಿಸಿದಳು. ಆಮೇಲೆ ತುಳಸಮ್ಮ ಎಲೆಯ ಮೇಲಿನ ಅನ್ನವನ್ನು ಬದಿಗೆ ಸರಿಸಿ, “ಇನ್ನೊಂದು ಸೌಟು ಹಾಕು,” ಎಂದರು. ಮೂರನೆಯ ಸಲವೂ ಹಾಕಿಸಿಕೊಂಡರು. ವೆಂಕಟೇಶ ನಕ್ಕು, ತಾಯಿಯ ಕಣ್ಣು ಕಂಡು ಎಲೆಗೆ ತಲೆ ಬಗ್ಗಿಸಿದನು.

ಮರುದಿನ ಬೆಳಿಗ್ಗೆ ವಿಜಯಾಬಾಯಿ ಸ್ನಾನ ಮುಗಿಸಿ ರಂಗೋಲಿ ಬಟ್ಟಲು ಹಿಡಿದು ಬಂದರೆ, ತುಳಸಮ್ಮ ಕಟ್ಟೆಯ ಹತ್ತಿರದ ಮೆಟ್ಟಿಲ ಮೇಲೆ ಮೊಣಕಾಲು ಒತ್ತಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ತುಂಬಿದ ಚೊಂಬು.

“ಇವತ್ತ ನನ್ನ ಮೊಣಕಾಲು ಹಿಡದಾವ. ಏಳ್ಲಿಕ್ಕೇ ಆಗವಲ್ದು. ತುಳಸಿಗೆ ನೀನೇ ಹಾಕು.”

ವಿಜಯಾಬಾಯಿ ಚೊಂಬು ಎತ್ತಿಕೊಂಡಳು. ಅವಸರಕ್ಕೆ ಒಂದಿಷ್ಟು ನೀರು ಕಟ್ಟೆಯ ಮೇಲೇ ಚೆಲ್ಲಿತು.

“ಸಾವಕಾಶ. ಬುಡಕ್ಕ ಹಾಕು,” ಎಂದಿತು ಹಿಂದಿನಿಂದ ದನಿ.

ಅರ್ಧ ಹಾಕಿ, ಸಾಕೇ ಎಂದು ಕೇಳಲು ತಿರುಗಿದರೆ ಮೆಟ್ಟಿಲು ಖಾಲಿ. ಹಿತ್ತಲಿನ ಕಡೆಯಿಂದ ಕೊಟ್ರಬಸಮ್ಮನ ಗಾಬರಿಯ ದನಿ ಕೇಳಿಸಿತು.

“ಅಯ್ಯ ಶಿವನೇ! ತುಳಸಮ್ಮಾರ, ಇಳೀರಿ ಕೆಳಗ! ಈ ವಯಸ್ಸಿನಾಗ ಏಣಿ ಹತ್ತತಾರೇನ್ರಿ?”

ವಿಜಯಾಬಾಯಿ ಬಗ್ಗಿ ನೋಡಿದಳು. ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು ಏಣಿಯ ಮೂರನೆಯ ಮೆಟ್ಟಿಲ ಮೇಲೆ ನಿಂತಿದ್ದ ತುಳಸಮ್ಮ, ಚಪ್ಪರದ ಮೇಲೆ ತಲೆ ತೂರಿಸಿ, ಬೆರಳು ಮಡಚಿ ಒಂದೊಂದೇ ಕಾಯಿ ಎಣಿಸುತ್ತಿದ್ದರು. ಅವಳು ತಿರುಗಿ, ಚೊಂಬಿನಲ್ಲಿ ಉಳಿದಿದ್ದ ನೀರನ್ನು ತುಳಸಿಯ ಬುಡಕ್ಕೆ ಸಾವಕಾಶವಾಗಿ ಹಾಕಿದಳು.