ಓಡ್ವಾರ್‌ನ ಕಣ್ಣಳತೆ

ಐವತ್ತೆರಡರ ವಯಸ್ಸಲ್ಲಿ, ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಲ್ಲಿ ಜಾರಿ ಹಾರುವ ಸ್ಕೀ ಜಿಗಿತಕ್ಕಿಳಿದ ತೋರುನ್‌ಗೆ ಒಂದೇ ಹಟ. ನಾರ್ವೆಯ ತನ್ನ ಊರಿನ ಚಿಕ್ಕ ಗುಡ್ಡದಲ್ಲಿ ಇಪ್ಪತ್ತು ಮೀಟರ್ ದಾಟಬೇಕು. ಅಲ್ಲಿ ದೂರ ಹೇಳುವವನು ಮುದುಕ ಓಡ್ವಾರ್. ಇಳಿಜಾರಿನ ಪಕ್ಕ ನಿಂತು, ಜಿಗಿದವರು ನೆಲ ಮುಟ್ಟಿದ ಜಾಗ ನೋಡಿ ಕಣ್ಣಳತೆಯಲ್ಲೇ ಕೂಗುತ್ತಾನೆ. ಅವತ್ತು ಬೆಳಿಗ್ಗೆ ಹದಿನೇಳು ಅಂದ, ಹದಿನೆಂಟು ಅಂದ, ಆಮೇಲೆ ಹತ್ತೊಂಬತ್ತು. ಒಂದೇ ಬೆಳಿಗ್ಗೆ ಇಷ್ಟೊಂದು ಏಳಿಗೆಯೇ? ತಾನು ತಂದ ವಾಫಲ್ ತಿಂದ ದಾಕ್ಷಿಣ್ಯಕ್ಕೆ ಇವನು ಮೀಟರ್ ಸೇರಿಸುತ್ತಿದ್ದಾನೆ ಎಂದು ಅವಳಿಗೆ ಗುಮಾನಿ ಹುಟ್ಟಿತು.

ಮತ್ತೆ ಜಿಗಿದಳು. "ಹತ್ತೊಂಬತ್ತೂವರೆ!" ಎಂದ ಓಡ್ವಾರ್.

"ಮುಚ್ಚು ಬಾಯಿ, ಅಲ್ಲೇ ನಿಂತಿರು," ಎಂದವಳೇ ತೋರುನ್ ತಾನು ನೆಲ ಮುಟ್ಟಿದ ಗುರುತಿಗೆ ಒಂದು ರೆಂಬೆ ಚುಚ್ಚಿ, ಜಿಗಿಯುವ ಅಂಚಿನಿಂದ ಅಲ್ಲಿಯವರೆಗೆ ಟೇಪು ಎಳೆದಳು. ಇಪ್ಪತ್ತೂವರೆ! ಇನ್ನೊಮ್ಮೆ ಅಳೆದಳು. ಅಷ್ಟೇ ಇತ್ತು.

"ಲೋ ಮುದುಕಪ್ಪ, ಬೆಳಿಗ್ಗೆಯಿಂದ ನನ್ನ ಮೀಟರ್ ಕದೀತಿದ್ಯೇನೋ?"

"ಜಿಗಿತಕ್ಕೆ ಒಂದೇ ಒಂದು ಕದ್ದೆ ಕಣಮ್ಮ. ಇಪ್ಪತ್ತಾಯ್ತು ಅಂದಿದ್ರೆ ಆಗ್ಲೇ ಮನೆಗೆ ಹೋಗಿ ಕಾಫಿ ಕುಡೀತಾ ಕೂತಿರ್ತಿದ್ದೆ ನೀನು."

ತೋರುನ್ ಹಲಗೆಗಳನ್ನು ಮತ್ತೆ ಹೆಗಲಿಗೇರಿಸಿದಳು. "ಟೇಪು ಹಿಡ್ಕೊಂಡು ನಿಂತ್ಕೋ ಈ ಸಲ, ಕಳ್ಳ," ಎಂದು ಗುಡ್ಡ ಹತ್ತಿದಳು.