ಕುಡಿಯದವನ ತೂರಾಟ

ಗುಡೂರಿನ ಅಹ್ಮದಸಾಬರು ಬಸ್ ಕಂಡಕ್ಟರ್. ಇಳಕಲ್–ಬಾಗಲಕೋಟೆ ರೂಟಿನಲ್ಲಿ ಟಿಕೆಟ್ ಹರಿಯುತ್ತಲೇ ತಲೆ ನೆರೆದವರು. ಓಡುವ ಬಸ್ಸಿನಲ್ಲಿ ಎಲ್ಲರೂ ತೂರಾಡುವವರೇ, ಹೀಗಾಗಿ ಅಲ್ಲಿ ಅವರ ಕಾಲನ್ನು ಯಾರೂ ಗಮನಿಸಲಿಲ್ಲ. ನೆಲಕ್ಕಿಳಿದು ಮನೆಯ ದಾರಿ ಹಿಡಿದಾಗ ಊರಿನ ಕಣ್ಣಿಗೆ ಬಿದ್ದರು. ಕಾಲೊಂದು ಕಡೆ, ಮೈಯೊಂದು ಕಡೆ, ಸಾಲದ್ದಕ್ಕೆ ಮಾತೂ ತೊದಲು. ಮಂದಿಯ ಬಾಯಿಗೆ ಬೀಗ ಹಾಕಲಾದೀತೇ? ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ ಕುಡುಕನೆನಿಸಿಕೊಂಡ. ಅವರ ಅಪ್ಪನೂ ಹೀಗೇ ತೂರಾಡಿ ತೂರಾಡಿ ಸತ್ತಿದ್ದರಿಂದ, ನೂಲಿನಂತೆ ಸೀರೆ ಎನ್ನುವುದಕ್ಕೂ ಅನುಕೂಲವಾಯಿತು.

ಖರೆ ಸಂಗತಿ ಗೊತ್ತಿದ್ದದ್ದು ಬಾಗಲಕೋಟೆಯ ವಿದ್ಯಾಗಿರಿಯ ದವಾಖಾನೆಯ ಸ್ಕ್ಯಾನಿಂಗ್ ಯಂತ್ರಕ್ಕೆ. ಮಗಳು ತಬಸುಮ ವರ್ಷಕ್ಕೊಮ್ಮೆ ಅಪ್ಪನನ್ನು ಅಲ್ಲಿಗೆ ಕರೆದೊಯ್ದು ಮಲಗಿಸುತ್ತಿದ್ದಳು. ಈ ಸಲ ಡಾಕ್ಟರ್ ಮಹೇಶ್ವರಿಯವರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ನಡೆಯುವಾಗ ಮೈಯ ತೂಕ ಹಿಡಿದು ನಿಲ್ಲಿಸುವ ಹಿಂಬದಿಯ ಕಿರುಮೆದುಳು ಬಿಸಿಲಿಗೆ ಬಾಡಿದ ಚಿಕ್ಕುಹಣ್ಣಿನ ಹಾಗೆ ಕುಗ್ಗುತ್ತ ಬಂದಿತ್ತು. ಎಷ್ಟು ಕುಗ್ಗಿದೆ ಎಂಬುದನ್ನು ಹೊಸ ಯಂತ್ರ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯುತ್ತದೆಂದೂ, ಸದ್ಯಕ್ಕೆ ರೋಗದ ನಡಿಗೆ ನಿಧಾನವಾಗಿದೆ, ಅದೇ ಸಮಾಧಾನವೆಂದೂ ಹೇಳಿದರು. ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ರಕ್ತದಲ್ಲಿ ಇಳಿದು ಬರುವ ಅಪರೂಪದ ರೋಗ. ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ.

ಹುನಗುಂದದ ಖಾಸಿಂಸಾಬರ ಮಗ ಮತೀನನ ಜೊತೆ ತಬಸುಮಳ ಸಂಬಂಧದ ಮಾತು ನಡೆದಿತ್ತು. ಹುಡುಗ ಅವಳ ಮನಸ್ಸಿಗೂ ಬಂದಿದ್ದ. ರವಿವಾರ ಬೀಗರು ಬರುವವರಿದ್ದರು. ವಾಪಸ್ ಬರುವ ದಾರಿಯುದ್ದಕ್ಕೂ ಅಹ್ಮದಸಾಬರ ತಲೆಯಲ್ಲಿ ಒಂದೇ ವಿಚಾರ. ಕುಡುಕನ ಮಗಳನ್ನು ಜನ ತಂದುಕೊಳ್ಳುತ್ತಾರೆ, ಪಾಪ ಹುಡುಗಿಯದೇನು ತಪ್ಪು ಎಂದು ಕನಿಕರವನ್ನೂ ಪಡುತ್ತಾರೆ. ರೋಗದ ಮನೆತನದ ಮಗಳನ್ನು ಯಾರು ತಂದಾರು? ಬೀಗರು ಕೇಳಿದರೆ ಕುಡಿಯುತ್ತೇನೆಂದೇ ಒಪ್ಪಿಕೊಳ್ಳುತ್ತೇನೆಂದು ಅವರು ಅಂದೇ ಹೆಂಡತಿ ಲಾಡಬಿಗೆ ಗುಟ್ಟಾಗಿ ಹೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಬೇಡ ಅನ್ನಲಿಲ್ಲ.

ರವಿವಾರ ಬೀಗರು ಬಂದರು. ಮಂಡಕ್ಕಿ ಸೂಸಲ, ಮಿರ್ಚಿ ತಿಂದು ಮುಗಿದ ಮೇಲೆ ಖಾಸಿಂಸಾಬರು ಗಂಟಲು ಸರಿ ಮಾಡಿಕೊಂಡರು. ಅವರದು ಒಡೆದು ಹೇಳುವ ಸ್ವಭಾವ.

"ಸಿಟ್ಟಾಗಬ್ಯಾಡ್ರಿ. ಮಂದಿ ಏನೇನೋ ಅಂತಾರ. ನೀವು ಕುಡಿತೀರೇನ್ರಿ?"

"ಹೌದ್ರಿ, ಕುಡಿತೇನಿ," ಎಂದರು ಅಹ್ಮದಸಾಬರು. "ಬಿಡತೇನ್ರಿ." ಮನಸ್ಸಿನಲ್ಲಿ ಅಲ್ಲಾಹನ ಮಾಫಿ ಕೇಳಿದರು.

ಖಾಸಿಂಸಾಬರ ಮುಖ ಹಗುರಾಯಿತು. ಚಟವೆಂದರೆ ಬಿಡಿಸಬಹುದು, ಅದೇನು ದೊಡ್ಡ ಮಾತಲ್ಲ ಎಂದು ತಾವೇ ಧೈರ್ಯ ಹೇಳತೊಡಗಿದರು. ಅಷ್ಟರಲ್ಲಿ ಚಹಾ ತರುತ್ತಿದ್ದ ತಬಸುಮ ಹೊಸ್ತಿಲಲ್ಲೇ ನಿಂತಳು.

"ಸುಳ್ಳ ಅದು, ಚಾಚಾ. ನಮ್ಮಪ್ಪ ಒಂದ ಹನಿ ಕುಡದಾವ್ರಲ್ಲ. ಅದು ತಲಿಯಾಗಿನ ಬ್ಯಾನಿ, ಸ್ಕ್ಯಾನಿಂಗ್‌ನ್ಯಾಗ ಕಂಡೈತಿ. ನಮ್ಮ ಮನಿತನದಾಗ ಇಳಕೊಂತ ಬಂದೈತಿ. ನನಗೂ ಬರಬಹುದು, ಬರದೇನೂ ಇರಬಹುದು. ತಿಳಕೊಂಡು ಹೂಂ ಅನ್ರಿ."

ಮತೀನ ಅಪ್ಪನ ಮುಖ ನೋಡಿದ, ಅಪ್ಪ ನೆಲ ನೋಡಿದರು. ಮನೆಯಲ್ಲಿ ವಿಚಾರ ಮಾಡಿ ಹೇಳುತ್ತೇವೆಂದು ಖಾಸಿಂಸಾಬರು ಎದ್ದರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಅವರು ಚಹಾ ಕುಡಿಯದೆ ಹೋದರು.

ಅಹ್ಮದಸಾಬರಿಗೆ ಸಂಕಟ ತಡೆಯಲಾಗಲಿಲ್ಲ. ನಿನ್ನ ಸಲುವಾಗಿ ದೀನು-ಧರ್ಮದ ಮಾತನ್ನೂ ಮೀರಿ ಸುಳ್ಳು ಹೇಳಿದೆನಲ್ಲ, ಯಾಕೆ ಕೆಡಿಸಿದೆ ಎಂದು ಮಗಳನ್ನು ಗದರಿದರು. ತಬಸುಮ ಅಪ್ಪನ ಪಕ್ಕದಲ್ಲಿ ಬಂದು ಕೂತಳು.

"ಅಪ್ಪಾ, ನಾಳೆ ನಾನೂ ತೂರಾಡಿದ್ರ, ಮಂದಿ ನನಗ ಏನಂತಾರ?"

ಅಹ್ಮದಸಾಬರು ಮಗಳ ಕೈ ಹಿಡಿದುಕೊಂಡು ಅತ್ತರು.